ಹಿಡಿದಿಟ್ಟ ಎಂಟು ಕಟ್ಟುಗಳು

ಇದನ್ನು ಹೇಳಬೇಕು ಎಂದುಕೊಂಡು ನಾಲ್ಕು ವರ್ಷ ಮುಂದೂಡಿದೆ. ಪ್ರತಿ ಸಲವೂ ಒಂದು ನೆಪ ಸಿಗುತ್ತಿತ್ತು. ಕಣ್ಣಿನ ಪೊರೆಯ ಆಪರೇಷನ್ ಆಗಲಿ ಎಂದೆ, ಆಯಿತು. ಮೊಮ್ಮಗಳ ನಾಮಕರಣ ಮುಗಿಯಲಿ ಎಂದೆ, ಮುಗಿಯಿತು. ಈಗ ನೆಪಗಳು ಖಾಲಿಯಾಗಿವೆ. ಉಳಿದಿರುವುದು ನಾನು ಮಾಡಿದ್ದು ಮಾತ್ರ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡುಗಳಿಗೆ ಜಕಾರ್ಡ್ ಕಾರ್ಡ್ ಹೊಡೆಯುವ ಕೆಲಸವನ್ನು ಮೂವತ್ತು ವರ್ಷ ಮಾಡಿದೆ. ಸೀರೆಯ ಅಂಚಿನಲ್ಲಿ ನವಿಲು ಮೂಡಬೇಕಾದರೆ ರಟ್ಟಿನ ಕಾರ್ಡುಗಳಲ್ಲಿ ತೂತುಗಳು ಸರಿಯಾದ ಜಾಗದಲ್ಲಿ ಬೀಳಬೇಕು. ಆ ಕಾರ್ಡುಗಳನ್ನು ಒಂದಕ್ಕೊಂದು ದಾರದಿಂದ ಹೊಲಿದು ಉದ್ದನೆಯ ಮಾಲೆ ಮಾಡುತ್ತಿದ್ದೆವು. ನಡುವಿನ ಒಂದೇ ಒಂದು ಕಾರ್ಡು ಬದಲಾದರೂ ನವಿಲಿನ ಕುತ್ತಿಗೆ ಮುರಿದಂತೆ ಕಾಣುತ್ತಿತ್ತು. ಮಗ್ಗಗಳಿಗೆ ಕಂಪ್ಯೂಟರ್ ಬಂದ ಮೇಲೆ ತೂತು ಹೊಡೆಯುವ ನನ್ನ ಯಂತ್ರ ಗುಜರಿಗೆ ಹೋಯಿತು. ನಾನು ತೂಬಗೆರೆಗೆ ವಾಪಸ್ಸು ಬಂದೆ. ಅಲ್ಲಿ ಊರವರೇ ಸೇರಿ ನಡೆಸುತ್ತಿದ್ದ ಒಂದು ಓದುಮನೆಯ ಬೀಗದ ಕೈ ನನ್ನ ಪಾಲಿಗೆ ಬಂತು.

ಬೆಳಿಗ್ಗೆ ಹತ್ತು ಗಂಟೆಗೆ ಜಗಲಿಯ ಮೇಲೆ ಕೂತು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಓದು ಬಾರದವರು, ಕಣ್ಣು ಮಂಜಾದವರು ಏಳೆಂಟು ಮಂದಿ ಬರುತ್ತಿದ್ದರು. ಅವರಲ್ಲಿ ಹೂ ಕಟ್ಟುವ ಒಬ್ಬ ಮುದುಕಿ ಮೊದಲು ಕೇಳುತ್ತಿದ್ದುದೇ, ‘ಇವತ್ತು ಯಾರ್‍ಯಾರು ಹೋದ್ರು ಓದಪ್ಪಾ’ ಎಂದು. ನಿಧನವಾರ್ತೆ ಮುಗಿದ ಮೇಲೇ ಮಿಕ್ಕ ಸುದ್ದಿ. ಮೂವತ್ತು ವರ್ಷ ಮಗ್ಗಗಳ ಸದ್ದಿನಲ್ಲಿ ನನ್ನ ಮಾತನ್ನು ಯಾರೂ ಕೇಳಿಸಿಕೊಂಡಿರಲಿಲ್ಲ. ಈ ಜಗಲಿಯಲ್ಲಿ ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಅದು ನನಗೆ ಎಷ್ಟು ಬೇಕಾಗಿತ್ತು ಎನ್ನುವುದು ಅದನ್ನು ಕಳೆದುಕೊಂಡ ಮೇಲೆ ತಿಳಿಯಿತು.

ಕಳೆದುಕೊಂಡದ್ದು ಅವನು ಬಂದ ಮೇಲೆ. ನಮ್ಮೂರಿನವನೇ. ಒಂಬತ್ತನೇ ವಯಸ್ಸಿಗೆ ಜ್ವರದಲ್ಲಿ ಎರಡೂ ಕಣ್ಣು ಕಳೆದುಕೊಂಡಿದ್ದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕಲಿತು, ನಲವತ್ತರ ಹತ್ತಿರ ಊರಿಗೆ ಮರಳಿದ. ಓದುಮನೆಯ ಕಾರ್ಯದರ್ಶಿ, ನಿವೃತ್ತ ಮೇಷ್ಟ್ರು, ಯಾರೋ ದಾನ ಕೊಟ್ಟ ಹಳೆಯ ಕಂಪ್ಯೂಟರನ್ನು ಅವನಿಗೆ ಒಪ್ಪಿಸಿದರು. ಅವನು ಅದಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿದ. ಅದು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು ಎಂದು ವಿವರಿಸಿದ. ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದುವ ದನಿಯೊಂದನ್ನು ಅದರೊಳಗೆ ಕೂರಿಸಿದ. ಡಬ್ಬದೊಳಗಿಂದ ಬಂದಂಥ ದನಿ. ಮುದುಕಿ ಮೊದಲ ದಿನವೇ ಅದಕ್ಕೆ ‘ತಗಡಜ್ಜ’ ಎಂದು ಹೆಸರಿಟ್ಟಳು.

ಮೊದಮೊದಲು ತಗಡಜ್ಜನ ಕನ್ನಡ ನಗೆಪಾಟಲಾಗಿತ್ತು. ತ್ಯಾಮಗೊಂಡ್ಲು ಎನ್ನುವಲ್ಲಿ ನಾಲಿಗೆ ತೊಡರಿದಂತೆ ನಿಲ್ಲುತ್ತಿತ್ತು. ಅವನು ಬಂದವರನ್ನೆಲ್ಲ ಕೇಳಿದ. ನಿಮ್ಮ ತವರು ಯಾವುದು? ಆ ಊರಿನ ಹೆಸರನ್ನು ನಿಮ್ಮಜ್ಜಿ ಹೇಗೆ ಹೇಳುತ್ತಿದ್ದಳು? ಹಾಗೆ ಒಂದೊಂದೇ ಹೆಸರು ಸೇರಿಸಿ, ಹೇಗೆ ಉಚ್ಚರಿಸಬೇಕು ಎಂಬ ಪಟ್ಟಿಯನ್ನು ದನಿಯೊಳಗೆ ಹೊಲಿದ. ಎರಡು ವರ್ಷದಲ್ಲಿ ಅದು ನಮ್ಮ ಸೀಮೆಯ ಹಳ್ಳಿಗಳನ್ನೆಲ್ಲ ನಮ್ಮವರ ಬಾಯಲ್ಲಿ ಬರುವಂತೆಯೇ ಹೇಳತೊಡಗಿತು. ಇಂಟರ್ನೆಟ್ಟಿನ ಪತ್ರಿಕೆಯನ್ನು ತಗಡಜ್ಜನಿಂದ ಓದಿಸುತ್ತ, ಹತ್ತು ಗಂಟೆಗೆ ಪತ್ರಿಕೆ ಓದುವವನು ಅವನಾದ. ಜಗಲಿಗೆ ಇಪ್ಪತ್ತು, ಮೂವತ್ತು ಜನ ಬಂದರು. ನಾನು ಚಾಪೆ ಹಾಸಿ ಪಕ್ಕಕ್ಕೆ ನಿಲ್ಲುತ್ತಿದ್ದೆ.

‘ಅಣ್ಣಾ, ಬನ್ನಿ, ಕಲೀರಿ’ ಎಂದು ನನ್ನನ್ನು ಕೂರಿಸಿಕೊಳ್ಳುತ್ತಿದ್ದ. ಆ ಯಂತ್ರದಲ್ಲಿ ನನ್ನ ಹೆಸರಿನಲ್ಲೂ ಒಂದು ಖಾತೆ ತೆರೆದ. ‘ನೀವೂ ಇದ್ರ ಯಜಮಾನ್ರೇ. ನಾನಿಲ್ದಾಗ ಯಾರಾದ್ರೂ ನೋಡ್ಕೋಬೇಕಲ್ಲ.’

ಪ್ಯಾಕೇಜು ಎಂದರೆ ಏನು ಎಂದು ಅವನೇ ಹೇಳಿಕೊಟ್ಟದ್ದು. ತಂತ್ರಾಂಶ ಬರುವುದು ಕಟ್ಟುಕಟ್ಟಾಗಿ. ಒಂದು ಕಟ್ಟು ಇನ್ನೊಂದನ್ನು ಆತುಕೊಂಡಿರುತ್ತದೆ. ಆಗಾಗ ಹೊಸ ಕಟ್ಟುಗಳು ಬರುತ್ತವೆ, ಹಳೆಯದರ ಜಾಗದಲ್ಲಿ ಕೂರುತ್ತವೆ. ‘ನಿಮ್ಮ ಕಾರ್ಡಿನ ಮಾಲೆ ಇದ್ದಂಗೆ ಕಣಣ್ಣ’ ಎಂದ. ಆಮೇಲೆ ದನಿ ತಗ್ಗಿಸಿದ. ‘ಇದ್ರಲ್ಲಿ ಎಂಟು ಕಟ್ಟು ಹಿಡಿದಿಟ್ಟಿದ್ದೀನಿ. ದನೀಗೆ ಸೇರಿದ್ದು. ಹೊಸದು ಬಂದು ಕೂತ್ರೆ ನಮ್ಮ ಊರಿನ ಹೆಸರೆಲ್ಲ ಅಳ್ಸೋಗ್ತವೆ. ಹೋಲ್ಡ್ ಅಂದ್ರೆ ಹಿಡಿ, ಅನ್‌ಹೋಲ್ಡ್ ಅಂದ್ರೆ ಬಿಡು. ಅದೊಂದ್ ಬಿಡ್ಬೇಡಿ.’

‘ಯಾಕಪ್ಪಾ ಬಿಡ್ತೀನಿ’ ಎಂದೆ.

ಅವನಿಗೆ ದನಿಯೇ ಬೇಕಿರಲಿಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಒಂದು ದಿನ ಸ್ಪೀಕರು ಆರಿಸಿ, ಬೆರಳುಗಳ ನೆನಪಿನಿಂದಲೇ ಉದ್ದನೆಯ ಆಜ್ಞೆಯೊಂದನ್ನು ಕುಟ್ಟಿ ತೋರಿಸಿದ. ಒಂದು ಅಕ್ಷರವೂ ತಪ್ಪಿರಲಿಲ್ಲ. ‘ನೋಡಿ, ಕತ್ಲಲ್ಲಿ ಊಟ ಮಾಡಿದ್ರೆ ತುತ್ತು ಕಿವಿಗೋಗಲ್ಲ’ ಎಂದು ನಕ್ಕ. ನಾನೂ ನಕ್ಕೆ. ನನ್ನ ನಗುವಿನಲ್ಲಿ ಏನಿತ್ತು ಎನ್ನುವುದು ಅವನಿಗೆ ಕೇಳಿಸಿರಬೇಕು. ಅವನ ಮುಖ ಸ್ವಲ್ಪ ಹೊತ್ತು ನನ್ನ ಕಡೆಗೇ ತಿರುಗಿತ್ತು.

ಅವನು ಬೂದಿಗೆರೆಯ ಅಕ್ಕನ ಮನೆಗೆ ಎರಡು ದಿನ ಹೋದಾಗ ಇದು ನಡೆಯಿತು. ಮಧ್ಯಾಹ್ನ ಎರಡರ ಸಮಯ. ಜಗಲಿಯಲ್ಲಿ ಯಾರೂ ಇರಲಿಲ್ಲ. ಕಾರ್ಯದರ್ಶಿಗಳು ಬೆಳಿಗ್ಗೆ ಪರದೆಯ ಮೂಲೆಯ ಕೆಂಪು ಗುರುತನ್ನು ನೋಡಿ, ‘ಇದೇನ್ರೀ ಇದು, ಯಾವಾಗ್ಲೂ ಕೆಂಪು? ವಾರದಲ್ಲಿ ದಾನಿಗಳು ಬರ್ತಾರೆ’ ಎಂದಿದ್ದರು. ಹೊಸ ಕಟ್ಟುಗಳು ಬಂದು ಕಾದಿವೆ ಎನ್ನುವ ಗುರುತು ಅದು. ಅದು ನನಗೆ ಸಾಕಾಯಿತು. ಇಲ್ಲ, ಹಾಗೆ ಬರೆದರೆ ಸುಳ್ಳಾಗುತ್ತದೆ. ನನಗೆ ಒಂದು ನೆಪ ಬೇಕಾಗಿತ್ತು, ಕಾರ್ಯದರ್ಶಿಗಳು ಕೊಟ್ಟರು.

ಪರದೆಯ ಮೇಲೆ ಆಜ್ಞೆ ಕುಟ್ಟುವ ಕಪ್ಪು ಕಿಟಕಿ ತೆರೆದು, ಅವನು ಹೇಳಿಕೊಟ್ಟಂತೆ ಇಡೀ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸುವ ಆಜ್ಞೆ ಕೊಟ್ಟೆ. ಯಂತ್ರ ಒಪ್ಪಲಿಲ್ಲ. ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ತಗಡಜ್ಜ ಅದನ್ನು ಓದಿದ. ನನ್ನ ಹೈಸ್ಕೂಲಿನ ಇಂಗ್ಲಿಷಿನಲ್ಲಿ ಅದರ ಅರ್ಥ ಹೀಗೆ ಬಿಡಿಸಿಕೊಂಡೆ: ಒಡೆದದ್ದನ್ನು ನೀವು ಹಿಡಿದಿಟ್ಟುಕೊಂಡಿದ್ದೀರಿ.

ಯಂತ್ರ ಹೇಳಿದ್ದು ಕಟ್ಟುಗಳ ವಿಚಾರ ಎಂದು ನನಗೆ ಗೊತ್ತಿತ್ತು. ಆದರೂ ಎದ್ದು ಬಾಗಿಲ ಹೊರಗೆ ಇಣುಕಿ, ಯಾರೂ ಇಲ್ಲವೆಂದು ನೋಡಿಕೊಂಡು ಬಂದು ಕೂತೆ.

ಎಂಟು ಕಟ್ಟುಗಳನ್ನು ಒಂದೊಂದಾಗಿ ಬಿಟ್ಟೆ. ನಾನು ಕುಟ್ಟುತ್ತಿದ್ದ ಅಕ್ಷರಗಳನ್ನು ತಗಡಜ್ಜ ಎಂದಿನಂತೆ ಓದುತ್ತಿದ್ದ. ತನ್ನನ್ನು ಬಿಟ್ಟುಬಿಡುವ ಆಜ್ಞೆಯನ್ನು ತಾನೇ, ಅಕ್ಷರ ಅಕ್ಷರವಾಗಿ, ಅದೇ ಸಮಾಧಾನದಲ್ಲಿ ಎಂಟು ಸಲ ಓದಿ ಹೇಳಿದ. ನಾನು ನಿಲ್ಲಿಸಲಿಲ್ಲ.

ಕೊನೆಗೆ ಯಂತ್ರ ಕೇಳಿತು: ಮುಂದುವರಿಸಲೇ? ಹೌದು ಎನ್ನುವುದಕ್ಕೆ ಒಂದು ಅಕ್ಷರ, ಇಲ್ಲ ಎನ್ನುವುದಕ್ಕೆ ಒಂದು ಅಕ್ಷರ. ನಾನು ಎರಡನ್ನೂ ಒತ್ತಲಿಲ್ಲ. ಬರೀ ಎಂಟರ್ ಒತ್ತಿದೆ. ಏನನ್ನೂ ಹೇಳದೆ ಎಂಟರ್ ಒತ್ತಿದರೆ ಅದು ಹೌದು ಎಂದೇ ತಿಳಿಯುತ್ತದೆ ಎಂದು ಅವನು ನನಗೆ ಹೇಳಿದ್ದ. ಆದರೂ ಬಹಳ ದಿನ ನಾನು ನನ್ನೊಳಗೇ ವಾದಿಸಿದೆ, ನಾನೇನು ಹೌದು ಅನ್ನಲಿಲ್ಲವಲ್ಲ ಎಂದು.

ಸಾಲುಗಳು ಮೇಲೇರಿದವು. ತಗಡಜ್ಜ ಅವನ್ನು ಓದುತ್ತಲೇ ಇದ್ದ. ಒಂದು ಪದದ ಅರ್ಧದಲ್ಲಿ ನಿಂತುಹೋದ. ಬಾಯಿಗೆ ಯಾರೋ ಕೈ ಅಡ್ಡ ಇಟ್ಟಂತೆ.

ಮೂರನೇ ದಿನ ಅವನು ಬಂದ. ಎಂದಿನಂತೆ ಕುರ್ಚಿ ಎಳೆದು, ಗುಂಡಿ ಒತ್ತಿ, ತಲೆ ವಾಲಿಸಿ ಕಾದ. ದನಿ ಬರಲಿಲ್ಲ. ಒಂದೆರಡು ಕೀಲಿ ಒತ್ತಿದ. ಸ್ಪೀಕರಿನ ತಂತಿಯನ್ನು ಬೆರಳಲ್ಲಿ ಹಿಡಿದು ತುದಿಯವರೆಗೆ ಹೋದ. ಆಮೇಲೆ ಯಂತ್ರದ ಬೆನ್ನಿಗೆ ಅಂಗೈ ಇಟ್ಟ, ಮಗುವಿನ ಜ್ವರ ನೋಡುವವರಂತೆ.

‘ಫ್ಯಾನ್ ತಿರುಗ್ತಾ ಐತೆ. ಬೆಚ್ಚಗೂ ಐತೆ. ಅಣ್ಣಾ, ಪರದೇಲಿ ಏನೈತೆ ನೋಡಿ?’

ಪರದೆ ನಮ್ಮಿಬ್ಬರ ಮುಂದೆ ಉರಿಯುತ್ತಿತ್ತು. ಹೊಸ ಆವೃತ್ತಿಯ ನೀಲಿ ಬಣ್ಣದ ಬೆಟ್ಟದ ಚಿತ್ರ. ಅದರ ಬೆಳಕು ಅವನ ಕೆನ್ನೆಯ ಮೇಲೆ ಬಿದ್ದಿತ್ತು.

‘ಏನೂ ಇಲ್ಲ. ಕಪ್ಪಗೈತೆ’ ಎಂದೆ.

ಅವನ ಕಣ್ಣಿನ ಜಾಗದಲ್ಲಿ ಆ ನೀಲಿ ಹೊಳೆಯುತ್ತಿತ್ತು. ಹೊರಗೆ ಮುದುಕಿ ಕೂಗಿದಳು: ‘ಏನ್ರಪ್ಪೋ, ಇವತ್ತು ಯಾರೂ ಸತ್ತಿಲ್ವಾ?’

ಆ ದಿನ ಪತ್ರಿಕೆ ಓದಿದವನು ನಾನು.

ಕಾರ್ಯದರ್ಶಿಗಳು ಬಂದು ನೋಡಿದರು. ಪರದೆ ಸರಿಯಾಗಿದೆ, ದನಿ ಮಾತ್ರ ಇಲ್ಲ ಎಂದರು. ಅವನು ನನ್ನ ಕಡೆ ತಿರುಗಿದ. ‘ಈಗ ತಾನೇ ಬಂತೇನೋ ಬೆಳಕು’ ಎಂದೆ. ಕಾರ್ಯದರ್ಶಿಗಳಿಗೆ ಆಗಲೇ ಸಿಟ್ಟು. ‘ಯಾವಾಗ್ಲೂ ಆ ಕರೀ ಕಿಟಕೀಲಿ ಏನೋ ಕುಟ್ತಿರ್ತೀಯಪ್ಪಾ. ದಾನಿಗಳು ಬರೋ ಹೊತ್ಗೇ ಹಿಂಗ್ ಮಾಡ್ಬಿಟ್ಯಲ್ಲ.’

‘ಸಾರ್, ನಾನು ಊರಲ್ಲೇ ಇರ್ಲಿಲ್ಲ. ಇದ್ರೊಳ್ಗೆ ಒಂದು ಇತಿಹಾಸದ ಫೈಲ್ ಇರ್ತದೆ. ಯಾವ ಕಟ್ಟು ಬಂತು, ಯಾವುದು ಹೋಯ್ತು, ಯಾವ ಹೊತ್ತಲ್ಲಿ, ಯಾರ ಖಾತೆಯಿಂದ, ಎಲ್ಲಾ ಬರ್ದಿರ್ತದೆ. ಗೊತ್ತಿರೋರ್‍ನ ಕರ್ಸಿ ಓದಿಸ್ರಿ. ಅದ್ರಲ್ಲಿ ನನ್ ಹೆಸ್ರಿದ್ರೆ ನಾನಿಲ್ಲಿಗೆ ಕಾಲಿಡಲ್ಲ.’

ದೊಡ್ಡಬಳ್ಳಾಪುರದಲ್ಲಿ ಕಂಪ್ಯೂಟರ್ ಹೇಳಿಕೊಡುವ ಮೇಡಂ ಒಬ್ಬರನ್ನು ಮುಂದಿನ ವಾರ ಕರೆಸುವುದೆಂದಾಯಿತು. ಅಲ್ಲಿಯವರೆಗೆ ನೀನು ಬರುವುದು ಬೇಡ ಎಂದು ಅವನಿಗೆ ಹೇಳಿದರು. ಅವನಿಗೆ ಆ ಕುರ್ಚಿ ಬಿಟ್ಟರೆ ಊರಿನಲ್ಲಿ ಬೇರೆ ಜಾಗವಿರಲಿಲ್ಲ. ಅದು ನನಗೆ ಗೊತ್ತಿತ್ತು.

ಆ ವಾರ ನಾನೇ ಓದಿದೆ. ಎರಡನೇ ದಿನ ಮುದುಕಿ ಹೂವಿನ ದಾರ ನಿಲ್ಲಿಸಿ ನನ್ನನ್ನೇ ದಿಟ್ಟಿಸಿದಳು. ‘ಅದ್ಯಾಕ್ಲಾ ಹಂಗೋದ್ತೀಯ? ತಗಡಜ್ಜ ನಿನ್ ಗಂಟ್ಲಲ್ಲಿ ಕೂತವ್ನೆ.’ ಎಲ್ಲರೂ ನಕ್ಕರು. ನಾನು ಮುಂದಕ್ಕೆ ಓದಿದೆ, ಆಗ ನನಗೂ ಕೇಳಿಸಿತು. ಪ್ರತಿ ಪದದ ನಡುವೆ ಒಂದೇ ಅಳತೆಯ ಬಿಡುವು. ಸಾಲಿನ ಕೊನೆಯಲ್ಲಿ ದನಿ ಇಳಿಯುವ ಬದಲು ಕತ್ತರಿಸಿದಂತೆ ನಿಲ್ಲುತ್ತಿತ್ತು. ಬೇಕೆಂದೇ ರಾಗವಾಗಿ ಓದಲು ನೋಡಿದೆ, ಆಗಲಿಲ್ಲ. ಮನೆಯಲ್ಲಿ ಹೆಂಡತಿ, ‘ನೀರು ಕೊಡು ಅನ್ನೋದನ್ನೂ ಅದೇನು ಸುದ್ದಿ ಓದ್ದಂಗೆ ಹೇಳ್ತೀರಿ’ ಎಂದಳು.

ಮೇಡಂ ಬರುವ ಹಿಂದಿನ ದಿನ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂತೆ. ಆ ಇತಿಹಾಸದ ಫೈಲನ್ನು ಹುಡುಕಬೇಕಿತ್ತು. ಕೋಣೆ ನಿಶ್ಶಬ್ದವಾಗಿತ್ತು. ನಾನು ಕುಟ್ಟಿದಾಗೆಲ್ಲ ಎಲ್ಲೋ ಏನೋ ಪಿಸುಗುಟ್ಟಿದಂತಾಯಿತು. ಕೈ ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಹಲ್ಲಿ ಎಂದುಕೊಂಡೆ. ಮತ್ತೆ ಒಂದು ಅಕ್ಷರ ಒತ್ತಿದೆ. ಮತ್ತೆ ಪಿಸುಮಾತು. ಎದ್ದು ಗೋಡೆಯ ಉದ್ದಕ್ಕೂ ಕಿವಿಯಿಟ್ಟು ಹೋದೆ. ಕಂಪ್ಯೂಟರಿನ ಹಿಂದಿನ ಮೊಳೆಗೆ ಅವನ ಹಳೆಯ ಹೆಡ್‌ಫೋನು ನೇತುಹಾಕಿತ್ತು. ಅದರ ತಂತಿ ಯಂತ್ರದ ಬೆನ್ನಿಗೆ ಸಿಕ್ಕಿಸಿಯೇ ಇತ್ತು. ದನಿ ಅದರಿಂದ ಬರುತ್ತಿತ್ತು.

ಅದು ಸತ್ತಿರಲಿಲ್ಲ. ಹೊಸ ಆವೃತ್ತಿ ಬಂದ ಗಳಿಗೆಯಲ್ಲಿ ದನಿ ಸ್ಪೀಕರನ್ನು ಬಿಟ್ಟು ಈ ತಂತಿಯ ದಾರಿ ಹಿಡಿದಿತ್ತು, ಅಷ್ಟೇ. ಅಂದಿನಿಂದ ಈ ಕೋಣೆಯಲ್ಲಿ ಒತ್ತಿದ ಪ್ರತಿ ಅಕ್ಷರವನ್ನೂ ಗೋಡೆಯ ಮೊಳೆಗೆ ಹೇಳುತ್ತಲೇ ಇತ್ತು. ಅವನು ತಲೆ ವಾಲಿಸಿ ಕಾದು ಕೂತಿದ್ದಾಗಲೂ ಅವನ ತಲೆಯ ಒಂದು ಮೊಳದಾಚೆ ಮಾತಾಡುತ್ತಿತ್ತು. ಜಗಲಿಯ ಗದ್ದಲದಲ್ಲಿ ಅವನಿಗೆ ಕೇಳಿಸಿರಲಿಲ್ಲ.

ಆಗ ನಾನು ಆ ಹೆಡ್‌ಫೋನನ್ನು ತೆಗೆದುಕೊಂಡು ಅವನ ಮನೆಗೆ ಓಡಬಹುದಿತ್ತು. ನಾಲ್ಕು ಬೀದಿ ದೂರ. ನಾನು ವಾಪಸ್ಸು ಕುರ್ಚಿಯಲ್ಲಿ ಕೂತೆ.

ಫೈಲು ಸಿಕ್ಕಿತು. ಕೊನೆಯ ಭಾಗಕ್ಕೆ ಬಂದೆ. ಹಗಲು ಎರಡು ಗಂಟೆಯ ಲೆಕ್ಕ, ಉದ್ದನೆಯ ಹೆಸರುಗಳು. ಮೊಳೆಯ ಮೇಲಿನ ದನಿ ಒಂದೊಂದೇ ಸಾಲು ಓದುತ್ತ ಬಂತು. ಆಜ್ಞೆ ಕೊಟ್ಟವರು ಎನ್ನುವಲ್ಲಿಗೆ ಬಂದಾಗ ನನ್ನ ಹೆಸರು ಹೇಳಿತು. ಅವನು ಹೊಲಿದಿದ್ದ ಉಚ್ಚಾರಗಳು ಅಳಿಸಿಹೋಗಿದ್ದವು. ಹಾಗಾಗಿ ಅದು ನನ್ನ ಹೆಸರನ್ನು ಎಳೆದು, ತಪ್ಪಾಗಿ ಹೇಳಿತು. ನನ್ನನ್ನು ಎಂದೂ ಕಂಡಿರದವರು ಪಟ್ಟಿಯಿಂದ ಕೂಗಿ ಕರೆದಂತೆ. ನನಗೆ ಗೊತ್ತಿಲ್ಲದೆಯೇ ‘ಹಾ’ ಎಂದು ಓಗೊಟ್ಟೆ.

ಆಮೇಲೆ ಆ ಸಾಲುಗಳನ್ನು ಅಳಿಸಿದೆ. ಅಳಿಸಿದ ಅಕ್ಷರಗಳನ್ನೂ ಅದು ಹೇಳುತ್ತಿತ್ತು. ನನ್ನ ಹೆಸರು ಹಿಂದಿನಿಂದ ಮುಂದಕ್ಕೆ, ಒಂದೊಂದೇ ಅಕ್ಷರವಾಗಿ ಹೋಯಿತು. ಮುಗಿದ ಮೇಲೆ ಹೆಡ್‌ಫೋನನ್ನು ಯಂತ್ರದಿಂದ ಕಿತ್ತು, ಇನ್ನಾರಿಗೂ ಅದು ಕೇಳಿಸಬಾರದೆಂದು, ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೆ. ದಾರಿಯಲ್ಲಿ ಅದು ನನ್ನ ಹೊಟ್ಟೆಗೆ ಒತ್ತುತ್ತಿತ್ತು. ಎರಡು ಸಲ ನಿಂತು ಕೇಳಿಸಿಕೊಂಡೆ. ಅದು ಮಾತಾಡುವುದು ಸಾಧ್ಯವೇ ಇರಲಿಲ್ಲ, ಆದರೂ ನಿಂತೆ.

ಮರುದಿನ ಮೇಡಂ ಬಂದರು. ಅವನೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಅವರು ಫೈಲು ತೆರೆದು ಓದಿದರು, ಮತ್ತೆ ಓದಿದರು. ‘ಅಪ್‌ಗ್ರೇಡ್ ಆಗಿದೆ, ಆದ್ರೆ ಅದರ ದಾಖಲೆ ಇಲ್ಲ. ಯಾರೋ ಅಳಿಸಿದಾರೆ. ಗೊತ್ತಿರೋರೇ ಅಳಿಸಿರೋದು.’

‘ಗೊತ್ತಿರೋರು’ ಎಂದ ಕೂಡಲೇ ಎಲ್ಲರ ಮುಖ ಅವನ ಕಡೆ ತಿರುಗಿತು.

‘ಮಾತಾಡ್ದೇ ಇರೋ ಮಿಷನ್ನಲ್ಲಿ ನಾನೆಂಗೆ ಸಾರ್ ಅಳಿಸ್ಲಿ?’ ಎಂದ.

ಕಾರ್ಯದರ್ಶಿಗಳು ನನ್ನನ್ನು ನೋಡಿದರು. ‘ಏನ್ರೀ, ನೀವು ಜೊತೇಲಿದ್ದೋರು. ದನಿ ಇಲ್ದೆ ಇವ್ನು ಕೆಲ್ಸ ಮಾಡಬಲ್ಲನಾ?’

ನಾನು ಹೇಳಿದ್ದು ನಿಜವನ್ನೇ. ಈ ಇಡೀ ವಿಚಾರದಲ್ಲಿ ನಾನು ಆಡಿದ ಒಂದೇ ನಿಜ ಅದು. ‘ಮಾಡಬಲ್ಲ. ನನ್ನೆದುರ್‍ಗೇ ಮಾಡಿ ತೋರಿಸಿದಾನೆ.’

ಮೇಡಂ ಸ್ಪೀಕರಿಗೆ ದನಿಯನ್ನು ಎರಡೇ ನಿಮಿಷದಲ್ಲಿ ಮರಳಿಸಿದರು. ಕೋಣೆಯೊಳಗೆ ತಗಡಿನ ದನಿ ಗಟ್ಟಿಯಾಗಿ ಎದ್ದಿತು. ಪರೀಕ್ಷೆಗೆಂದು ಪತ್ರಿಕೆಯ ಒಂದು ಸುದ್ದಿ ಓದಿಸಿದರು. ನಮ್ಮೂರಿನ ಹೆಸರು ಬಂತು. ಅದು ಅದನ್ನು ಒಡೆದು, ಯಾರದೋ ಊರಿನಂತೆ ಹೇಳಿತು. ಅವನು ಆವರೆಗೆ ನಿಂತೇ ಇದ್ದ. ಅದನ್ನು ಕೇಳಿ ಕೂತುಬಿಟ್ಟ. ಎರಡು ವರ್ಷದ ಹೆಸರುಗಳು ಹೋಗಿವೆ ಎಂದು ಅವನಿಗೆ ಆಗ ತಿಳಿಯಿತು. ಸ್ವಲ್ಪ ಹೊತ್ತಿಗೆ ಎದ್ದು, ಕೋಲು ಹಿಡಿದು, ನನ್ನ ಪಕ್ಕದಲ್ಲೇ ಹಾದುಹೋದ. ಹಾದುಹೋಗುವಾಗ ನಿಂತು, ಎಲ್ಲರಿಗೂ ಕೇಳದಷ್ಟು ಸಣ್ಣಗೆ, ‘ಹೆಡ್‌ಫೋನ್ ಮೊಳೇಲಿಲ್ಲ ಅಣ್ಣಾ. ಆಗ್ಲೇ ತಡವಿ ನೋಡ್ದೆ’ ಎಂದ. ಓದುಮನೆಗೆ ಇನ್ನು ಬರಬೇಡ ಎಂದು ಕಾರ್ಯದರ್ಶಿಗಳು ಅವನಿಗೆ ಹೇಳಿ ಕಳಿಸಿದರು. ಅವನು ಅದೇ ತಿಂಗಳು ಬೂದಿಗೆರೆಗೆ ಹೊರಟುಹೋದ.

ಜಗಲಿಗೆ ಜನ ಬರುವುದು ಕಡಿಮೆಯಾಯಿತು. ನನ್ನ ದನಿ ಮತ್ತೆ ನನ್ನದಾಗಲಿಲ್ಲ. ವರ್ಷದೊಳಗೆ ಬೀಗದ ಕೈ ಒಪ್ಪಿಸಿದೆ. ಕಾರ್ಯದರ್ಶಿಗಳಿಗೆ ಎಲ್ಲವನ್ನೂ ಹೇಳಿದೆ, ಕಾಲು ಮುಟ್ಟಲು ಬಗ್ಗಿದೆ. ಅವರು ಹಿಂದೆ ಸರಿದು, ‘ನಂಗ್ಯಾಕ್ರೀ ಹೇಳ್ತೀರಿ’ ಎಂದರು. ಮೇಡಮ್ಮನವರಿಗೂ ಹೋಗಿ ಹೇಳಿದೆ.

ಹೋದ ಬೇಸಿಗೆಯಲ್ಲಿ ಬೂದಿಗೆರೆಗೆ ಹೋದೆ. ಅವನ ಅಕ್ಕನ ಮನೆಯ ಸುತ್ತ ಈಗ ಹೊಸ ಲೇಔಟಿನ ಕಲ್ಲುಗಳು ನೆಟ್ಟಿವೆ, ಮನೆಗಳು ಬಂದಿಲ್ಲ. ಹನ್ನೊಂದರ ಬಿಸಿಲು. ದೂರದಿಂದಲೇ ದನಿ ಕೇಳಿಸಿತು. ಅವನು ಪಡಸಾಲೆಯಲ್ಲಿ ಒಬ್ಬನೇ ಕೂತಿದ್ದ, ಮುಂದೆ ಒಂದು ಕಂಪ್ಯೂಟರ್. ತಗಡಿನ ದನಿ ಒಂದೇ ಪದವನ್ನು ಹೇಳುತ್ತಿತ್ತು. ತೂ-ಬಗೆರೆ. ಅವನು ಏನೋ ಕುಟ್ಟುವನು. ತೂಬ-ಗೆರೆ. ಮತ್ತೆ ಕುಟ್ಟುವನು. ತನ್ನನ್ನು ಹೊರಗೆ ಹಾಕಿದ ಊರಿನ ಹೆಸರನ್ನು ಸರಿಯಾಗಿ ಹೇಳುವುದನ್ನು ಅದಕ್ಕೆ ಹೊಸದಾಗಿ ಕಲಿಸುತ್ತಿದ್ದ.

ಅಂಗಳದಲ್ಲಿ ನಿಂತೆ. ಹೇಳಬೇಕಾದ ಮಾತು ಬಾಯಿಯವರೆಗೆ ಬಂದಿತ್ತು. ನನ್ನ ಕಾಲ ಕೆಳಗೆ ಒಂದು ಜಲ್ಲಿಕಲ್ಲು ಸರಿಯಿತು. ಅವನು ದನಿಯನ್ನು ನಿಲ್ಲಿಸಿದ.

‘ಯಾರು?’

ನಾನು ಉಸಿರು ಹಿಡಿದೆ.

‘ಯಾರದು? ಬಿಸ್ಲಲ್ಲಿ ಯಾಕೆ ನಿಂತ್ಕೊಂಡಿದ್ದೀರಿ? ಬನ್ನಿ ಒಳಗೆ.’

ಅವನ ಮುಖ ನೇರ ನನ್ನ ಕಡೆಗೇ ಇತ್ತು. ಎಷ್ಟು ಹೊತ್ತು ಹಾಗೆ ಇದ್ದೆವೋ ತಿಳಿಯದು. ಅವನ ತೋಳಿನ ಮೇಲೆ ಕೂದಲು ನೆಟ್ಟಗಾದದ್ದು ನನಗೆ ಕಂಡಿತು. ಅವನು ಹೆದರಿದ್ದ. ಹಾಡುಹಗಲೇ, ತನ್ನ ಅಂಗಳದಲ್ಲಿ, ಉಸಿರಾಡದೆ ನಿಂತ ಏನೋ ಒಂದಕ್ಕೆ ಹೆದರಿದ್ದ. ಆ ಏನೋ ಒಂದು ನಾನಾಗಿದ್ದೆ. ಹೆಜ್ಜೆ ಸದ್ದಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದು, ಕಾದ ನೆಲದ ಮೇಲೆ ಹಿಂದಕ್ಕೆ ನಡೆದು ಬಂದುಬಿಟ್ಟೆ.

ಇದನ್ನು ಮೊದಲು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದೆ. ಮುಗಿಸುವ ಹೊತ್ತಿಗೆ ನನಗೇ ಹೊಳೆಯಿತು: ನನ್ನ ಕೈಬರಹವನ್ನು ಅವನ ಯಂತ್ರ ಓದಲಾರದು, ಅದಕ್ಕೇ ನಾನು ಪೆನ್ನು ಹಿಡಿದೆ. ಆ ಪುಸ್ತಕವನ್ನು ಪಕ್ಕಕ್ಕಿಟ್ಟು, ಮಗಳ ಕಂಪ್ಯೂಟರಿನಲ್ಲಿ ಮೊದಲಿನಿಂದ ಒಂದೊಂದೇ ಅಕ್ಷರ ಕುಟ್ಟುತ್ತ ಬಂದಿದ್ದೇನೆ. ಇನ್ನು ಅವನಿಗೆ ಕಳಿಸುವುದಷ್ಟೇ ಉಳಿದಿದೆ. ಅದನ್ನು ಇನ್ನೂ ಮಾಡಿಲ್ಲ. ಎಲ್ಲರ ಮುಂದೆಯೂ ತಪ್ಪಾಯಿತು ಎಂದ ನಾನು ಒಬ್ಬನ ಮುಂದೆ ಮಾತ್ರ ಅನ್ನಲಿಲ್ಲ. ಅವನು ನನಗೆ ಕಂಪ್ಯೂಟರ್ ಕಲಿಸಿದವನು, ನನ್ನನ್ನು ಅಣ್ಣಾ ಎಂದು ಕರೆದವನು, ತೂಬಗೆರೆಗೆ ಪತ್ರಿಕೆ ಓದಿ ಹೇಳುತ್ತಿದ್ದ ಕಣ್ಣಿಲ್ಲದವನು.